ಕೊಳಗ ಬದಲಾಯಿತೇ ಎಂದು ಕೇಳಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಶ್ರೀಲಂಕಾದ 2022ರ ಜನಹೋರಾಟದ ಬಗ್ಗೆ ಬಂದ ಲೇಖನ ಓದಿದೆ. ಅಷ್ಟು ಜನ ಬೀದಿಗಿಳಿದರು, ಅಧ್ಯಕ್ಷರು ದೇಶ ಬಿಟ್ಟು ಹೋದರು, ಆದ್ದರಿಂದ ಅದು ಕ್ರಾಂತಿ ಎಂದು ಲೇಖಕರು ಬರೆದಿದ್ದಾರೆ. ಗ್ಯಾಸಿಗೆ, ಪೆಟ್ರೋಲಿಗೆ ದಿನಗಟ್ಟಲೆ ಸಾಲು ನಿಂತು ಬೇಸತ್ತು ಎದ್ದ ಜನ ಅವರು. ಅವರ ಧೈರ್ಯದ ಬಗ್ಗೆ ನನಗೆ ತುಂಬಾ ಗೌರವವಿದೆ. ಆದರೆ ಆ ಅಧ್ಯಕ್ಷ ಗೊಟಬಯ ರಾಜಪಕ್ಸ ರಾಜೀನಾಮೆ ಕೊಟ್ಟು ವಾರ ಕಳೆಯುವುದರೊಳಗೆ ಅದೇ ಹಳೆಯ ಸಂಸತ್ತು ರನಿಲ್ ವಿಕ್ರಮಸಿಂಘೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಎರಡೇ ದಿನಕ್ಕೆ, ನಸುಕಿನಲ್ಲಿ, ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಹೋರಾಟಗಾರರು ಹಾಕಿದ್ದ ಡೇರೆಗಳನ್ನು ಸೈನಿಕರು ಕಿತ್ತರು. 2024ರಲ್ಲಿ ಜನ ಓಟು ಹಾಕಿ ಅನುರ ಕುಮಾರ ದಿಸ್ಸಾನಾಯಕೆ ಅವರನ್ನು ಗೆಲ್ಲಿಸಿದರು, ಅವರ ಕೂಟಕ್ಕೆ 225ರಲ್ಲಿ 159 ಸೀಟು ಕೊಟ್ಟರು. ಇದು ದೊಡ್ಡ ಮಾತೇ. ಆದರೂ ಕ್ರಾಂತಿ ಅನ್ನೋಕೆ ಇನ್ನೂ ಕಾಯಬೇಕು ಎಂದೇ ನನಗನ್ನಿಸುತ್ತದೆ.

ಹೀಗೆ ಹೇಳಲು ಕಾರಣ ನಮ್ಮ ಮನೆಯಲ್ಲೇ ಇದೆ. ನಮ್ಮದು ಸಾಗರ ತಾಲ್ಲೂಕಿನ ಗೇಣಿದಾರರ ಮನೆ. ಸುಗ್ಗಿ ಮುಗಿದ ಮೇಲೆ ಜಮೀನಿನ ಒಡೆಯರ ಕಡೆಯವರು ನಮ್ಮ ಕಣಕ್ಕೆ ಬಂದು ತಮ್ಮದೇ ಕೊಳಗ, ಅಂದರೆ ಕಾಳು ಅಳೆಯುವ ಪಾತ್ರೆ, ಇಡುತ್ತಿದ್ದರಂತೆ. ಗೇಣಿ ಭತ್ತ ಅಳೆಯೋದು ಅದರಲ್ಲೇ. ಎಣಿಸುವಾಗ ಮೊದಲ ಕೊಳಗಕ್ಕೆ ಒಂದು ಅನ್ನದೆ 'ಲಾಭ' ಎನ್ನೋದು, ಆಮೇಲೆ ಎರಡು, ಮೂರು. ಅದು ನಮ್ಮ ಮನೆಯ ಕೊಳಗಕ್ಕಿಂತ ದೊಡ್ಡದು ಅಂತ ಅಜ್ಜಿಗೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಅವರು ಹೋದ ಮೇಲೆ ಕಣದ ಮೂಲೆ ಗುಡಿಸಿ, ಮಣ್ಣು ಸೇರಿದ ಕಾಳನ್ನು ಮೊರದಲ್ಲಿ ಕೇರಿ ಇಡುತ್ತಿದ್ದಳು. ಮಳೆಗಾಲದ ಗಂಜಿಗೆ ಅದೇ.

1951ರ ಏಪ್ರಿಲ್ 18ರಂದು ನಮ್ಮದೇ ತಾಲ್ಲೂಕಿನ ಕಾಗೋಡು ಊರಿನ ಗೇಣಿದಾರರು ನೇಗಿಲು ಹಿಡಿದು ಗದ್ದೆಗಿಳಿದು ಬಂಧನಕ್ಕೊಳಗಾದದ್ದು ಇಂಥ ಕೊಳಗದ ಜಗಳದಿಂದಲೇ. ಎಚ್. ಗಣಪತಿಯಪ್ಪನವರು ಅವರನ್ನು ಒಟ್ಟುಗೂಡಿಸಿದ್ದರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು. ಸಮಾಜವಾದಿಗಳ ರಾಷ್ಟ್ರೀಯ ನಾಯಕ ರಾಮಮನೋಹರ ಲೋಹಿಯಾ ಬಂದು ಜೈಲಿಗೆ ಹೋದರು. ಸರ್ಕಾರವೇನೂ ಬೀಳಲಿಲ್ಲ. ಗದ್ದೆಯೂ ಆಗ ಗೇಣಿದಾರರ ಹೆಸರಿಗೆ ಬರಲಿಲ್ಲ.

1974ರ ಜೂನ್ 5ರಂದು ಪಟ್ನಾದ ಗಾಂಧಿ ಮೈದಾನದ ಜನಸಾಗರದ ಮುಂದೆ ಜಯಪ್ರಕಾಶ್ ನಾರಾಯಣ್ 'ಸಂಪೂರ್ಣ ಕ್ರಾಂತಿ' ಎಂದರು. 1977ರಲ್ಲಿ ಇಂದಿರಾ ಗಾಂಧಿ ಸೋತರು, 1980ರಲ್ಲಿ ಮತ್ತೆ ಗೆದ್ದು ಬಂದರು. ಅದೇ 1974ರಲ್ಲಿ, ಮಾರ್ಚ್ 1ರಿಂದ, ನಮ್ಮಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು; ಗೇಣಿದಾರರು ತಾವು ಉಳುವ ಗದ್ದೆ ತಮ್ಮದಾಗಲಿ ಎಂದು ಅರ್ಜಿ ಹಾಕಬಹುದಾಯಿತು. ಆಗ ನಾನು ಹೈಸ್ಕೂಲು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಚಿಮಣಿ ದೀಪದ ಬೆಳಕಲ್ಲಿ ಆ ಅರ್ಜಿ, ಫಾರಂ ನಂಬರ್ 7, ತುಂಬಿದವಳು ನಾನೇ. ಯಾವ ಸರ್ವೆ ನಂಬರು, ಯಾವಾಗಿನಿಂದ ಗೇಣಿ, ಒಂದೊಂದೇ ಕೇಳಿ ಬರೆದೆ. ಹೆಬ್ಬೆಟ್ಟು ಒತ್ತುವಾಗ ಅಪ್ಪನ ಕೈ ನಡುಗಿ ಶಾಯಿ ಕಾಗದದ ತುಂಬಾ ಆಯಿತು. ಒಡೆಯರ ಮೇಲೆ ಡಿಕ್ಲರೇಶನ್ (ಆ ಅರ್ಜಿಗೆ ನಮ್ಮ ಕಡೆ ಹಾಗನ್ನೋದು) ಕೊಟ್ಟು ನಾಳೆ ಮುಖ ನೋಡೋದು ಹೇಗೆ ಅನ್ನೋ ಅಂಜಿಕೆ.

ಈ ಅರ್ಜಿಗಳ ವಿಚಾರಣೆ ನಡೆಸುತ್ತಿದ್ದ ಭೂನ್ಯಾಯ ಮಂಡಳಿಗೆ ಆಗ ವಕೀಲರು ಬರುವ ಹಾಗಿರಲಿಲ್ಲ. ಅಪ್ಪನೇ ಮಾತಾಡಬೇಕಾಯಿತು. ಒಡೆಯರ ಎದುರು ಹೆಗಲ ಮೇಲಿನ ಟವೆಲ್ ಕೆಳಗಿಳಿಸದೆ ನಿಂತಿದ್ದು ಅವತ್ತೇ ಮೊದಲು ಅಂತ ಸಾಯುವವರೆಗೂ ಹೇಳುತ್ತಿದ್ದರು. ತೀರ್ಪು ಬಂದ ವರ್ಷ ಒಡೆಯರ ಕೊಳಗ ನಮ್ಮ ಕಣಕ್ಕೆ ಬರಲಿಲ್ಲ. ಆಮೇಲೆಂದೂ ಬರಲಿಲ್ಲ. ನಾನು ಕ್ರಾಂತಿ ಅನ್ನೋದು ಇದಕ್ಕೆ. ಕಾಗೋಡಿನವರು ಜೈಲಿಗೆ ಹೋಗಿ ಇಪ್ಪತ್ತಕ್ಕೂ ಜಾಸ್ತಿ ವರ್ಷ ಆಗಿತ್ತು.

ಅದೂ ಪೂರ್ತಿ ಆಗಲಿಲ್ಲ, ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಫಾರಂ ಇದ್ದದ್ದು ಗೇಣಿದಾರರಿಗೆ. ನಮ್ಮ ಗದ್ದೆಗೆ ಕೂಲಿಗೆ ಬಂದು ನಾಟಿ ಮಾಡುತ್ತಿದ್ದವರಿಗೆ ಗೇಣಿಯೇ ಇರಲಿಲ್ಲ, ಹಾಗಾಗಿ ಗದ್ದೆಯೂ ಸಿಗಲಿಲ್ಲ. ಪಹಣಿಯಲ್ಲಿ ಅಪ್ಪನ ಹೆಸರು ಬಂತು. ಅವರಷ್ಟೇ ಕೆಸರು ತುಳಿದ ಅಮ್ಮನ ಹೆಸರು ಬರಲಿಲ್ಲ. ಫಾರಂ ಬರೆದ ನನಗೂ ಆಗ ಅದು ಹೊಳೆಯಲಿಲ್ಲ, ಅದೇ ನನಗೆ ಇವತ್ತಿಗೂ ನೋವು.

ನಿಮ್ಮ ಲೇಖಕರಲ್ಲಿ ಒಂದು ಕೋರಿಕೆ. ಅಧ್ಯಕ್ಷರ ಮನೆಯ ಈಜುಕೊಳದಲ್ಲಿ ಜನ ಈಜಿದ ಫೋಟೊ ಎಲ್ಲರೂ ನೋಡಿದ್ದಾಗಿದೆ. ಇನ್ನೊಮ್ಮೆ ಶ್ರೀಲಂಕಾದ ಬಗ್ಗೆ ಬರೆಯುವಾಗ ಅಲ್ಲಿನ ಚಹಾ ತೋಟಗಳ ಕಡೆ ವಿಚಾರಿಸಲಿ. ಎಲೆ ಕೀಳುವ ತಮಿಳು ಹೆಂಗಸರ ದಿನಗೂಲಿ ಈಗ ಎಷ್ಟು, ಅವರು ಕಿತ್ತ ಎಲೆ ತೂಗುವ ತಕ್ಕಡಿ ಯಾರ ಕೈಯಲ್ಲಿದೆ, ತೂಕ ಸರಿಯಿಲ್ಲ ಅಂತ ಅವರು ಎದುರು ನಿಂತು ಹೇಳಬಹುದಾ, ಕೇಳಿ ಬರೆಯಲಿ. ಕಾದು ಓದುತ್ತೇನೆ.

– ನಿವೃತ್ತ ಶಾಲಾ ಶಿಕ್ಷಕಿ, ಸಾಗರ ತಾಲ್ಲೂಕು