ಕಚೇರಿಯ ಬೆಂಚಿನ ಮೇಲೆ ಸಿಕ್ಕ ಅಣ್ಣನಿಗೆ

ಹೆಸರು ಕೇಳುವಷ್ಟರಲ್ಲಿ ನೀವು ಬಸ್ಸು ಹತ್ತಿಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮನ ಕುಟುಂಬ ಪಿಂಚಣಿಗೆ ಓಡಾಡುತ್ತಿದ್ದೆವು. ಸೇನೆಯ ದಾಖಲೆಯಲ್ಲಿ ಅಮ್ಮನ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಕೌಂಟರಿನಲ್ಲಿ 'ಆಗಲ್ಲ' ಅಂದರು, ಅಷ್ಟೇ. ನೀವು ಪಕ್ಕದಲ್ಲಿ ಬಂದು ಕೂತು, ಡಿಸ್ಚಾರ್ಜ್ ಪುಸ್ತಕ ತೆರೆದು, 'ಅಕ್ಕಾ, ಯಜಮಾನರು ಮದ್ರಾಸ್ ಸ್ಯಾಪರ್ಸಾ? ನಾನೂ ಅಲ್ಲಿಯವನೇ' ಅಂದಿರಿ. ಸೇನೆಯ ಇಂಜಿನಿಯರ್ ದಳ ಅದು, ಅಪ್ಪ ಇದ್ದದ್ದು ಅದರಲ್ಲೇ. ಅಫಿಡವಿಟ್ಟಿನ ಒಕ್ಕಣೆ ಹೇಳಿ ಬರೆಸಿದಿರಿ. ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶದ ನಂಬರು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದಿರಿ.

1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ಬಸಂತರ್ ನದಿಯ ಹತ್ತಿರ, ನೆಲದಲ್ಲಿ ಹುಗಿದಿಟ್ಟ ಮೈನುಗಳ ನಡುವೆ ನಮ್ಮ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು ಸ್ಯಾಪರ್‌ಗಳು. ಅಪ್ಪನೂ ಅಲ್ಲಿದ್ದರು. ಮನೆಯಲ್ಲಿ ಆ ಮಾತು ಎತ್ತಿದ್ದೇ ಕಮ್ಮಿ. ನಮಗೆ ಗೊತ್ತಿದ್ದ ಅಪ್ಪ ಬೆಳಿಗ್ಗೆ ಎದ್ದು ಮಕ್ಕಳ ಶೂಗಳಿಗೆ ಪಾಲಿಶ್ ಹಾಕಿ ಸಾಲಾಗಿ ಜೋಡಿಸಿಡುತ್ತಿದ್ದವರು. ಅಮ್ಮನಿಗೆ ಮಂಡಿನೋವು ಶುರುವಾದ ಮೇಲೆ ಒಂದು ಕೊಡ ನೀರನ್ನೂ ಹೊರಲು ಬಿಡದವರು. ಅದನ್ನೆಲ್ಲ ಅಮ್ಮ ಅವತ್ತು ನಿಮ್ಮ ಹತ್ತಿರ ಹೇಳಿಕೊಂಡರು. ಕಾಗದದ ಕೆಲಸಕ್ಕಿಂತ ಅವರಿಗೆ ಅದೇ ಜಾಸ್ತಿ ಬೇಕಿತ್ತು, ಅಲ್ವಾ.

ಪಿಂಚಣಿ ಬರುತ್ತಿದೆ ಅಣ್ಣ. ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು ಅಂದಿದ್ದಿರಲ್ಲ, ಅಮ್ಮ ಮರೆತಿಲ್ಲ. ತುಂಬಾ ಧನ್ಯವಾದ. ಇದು ನಿಮ್ಮ ಕಣ್ಣಿಗೆ ಬಿದ್ದರೆ ಒಮ್ಮೆ ಮನೆಗೆ ಬರಲೇಬೇಕು.