ಜೀಪಿನಲ್ಲಿ ನಾಯಿ: ಕೊರಳಪಟ್ಟಿಗೆ ಕಟ್ಟಬೇಡಿ

ಮಾನ್ಯರೇ,

ಮಳೆ ಬಿಟ್ಟು ಮಣ್ಣುರಸ್ತೆ ಒಣಗುತ್ತಿದ್ದಂತೆ ಶಿರಸಿ, ಸಿದ್ದಾಪುರ ಕಡೆಯ ಕಾಡುದಾರಿಗಳಿಗೆ ಜೀಪು, ಥಾರ್, ಜಿಮ್ನಿಗಳು ಬರತೊಡಗುತ್ತವೆ. ಹಿಂದಿನ ಸೀಟಿನಲ್ಲಿ ನಾಯಿಯೂ ಇರುತ್ತದೆ. ಟೆಂಟು, ಒಲೆಗಳನ್ನೆಲ್ಲ ಬಿಗಿದು ಕಟ್ಟಿದವರು ನಾಯಿಯನ್ನು ಸುಮ್ಮನೆ ಬಿಟ್ಟಿರುತ್ತಾರೆ, ಇಲ್ಲವೇ ಕೊರಳಪಟ್ಟಿಗೆ ಸರಪಳಿ ಹಾಕಿ ಕಂಬಿಗೆ ಕಟ್ಟಿರುತ್ತಾರೆ. ಕಟ್ಟಿದ್ದು ಇನ್ನೂ ಕೆಟ್ಟದ್ದು. ಚಕ್ರ ಕೊರಕಲಿಗಿಳಿದು ಗಾಡಿ ವಾಲಿದಾಗ ನಾಯಿ ಸೀಟಿನಿಂದ ಜಾರಿದರೆ ಮೈಭಾರವೆಲ್ಲ ಕೊರಳಿಗೇ ಬೀಳುತ್ತದೆ.

ಎದೆಗೆ ಹಾಕುವ ಹಾರ್ನೆಸ್ ಬೇಕು. ಅದರ ಬೆನ್ನಿನ ಕೊಂಡಿಯಿಂದ ಸೀಟ್‌ಬೆಲ್ಟಿನ ಬಕಲ್‌ಗೆ ಹೋಗುವ ಪಟ್ಟಿ ಮೊಳಕ್ಕಿಂತ ಉದ್ದವಿರಬಾರದು. ಕೂರಲು, ಮಲಗಲು ಸಾಕಾಗಬೇಕು, ಗೇರಿನ ತನಕ ಬರಲು ಸಾಲಬಾರದು. ಪೆಟ್ಟಿಗೆಯಲ್ಲಿ ಒಯ್ಯುವುದಾದರೆ ರ‍್ಯಾಚೆಟ್ ಪಟ್ಟಿಯಿಂದ (ಹಿಡಿಕೆ ಆಡಿಸಿ ಬಿಗಿಯುವಂಥದ್ದು) ನಾಲ್ಕೂ ಮೂಲೆ ಬಿಗಿಯಿರಿ. ಬೈಕಿಗೆ ಲಗೇಜು ಕಟ್ಟುವ ರಬ್ಬರ್ ಹಗ್ಗ ಹಿಗ್ಗಿ ಪೆಟ್ಟಿಗೆಯನ್ನು ಕುಣಿಸುತ್ತದೆ. ಬರಿ ತಗಡಿನ ತಳದಲ್ಲಿ ಉಗುರಿಗೆ ಹಿಡಿತ ಸಿಗದೆ ನಾಯಿ ದಾರಿಯುದ್ದಕ್ಕೂ ಮೈ ಬಿಗಿಹಿಡಿದೇ ನಿಂತು ಸಂಜೆಗೆ ಕುಂಟುತ್ತದೆ, ರಬ್ಬರ್ ಮ್ಯಾಟ್ ಹಾಸಿ. ಫೋರ್-ಲೋ ಗೇರಿನಲ್ಲಿ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನದ ಹೆಚ್ಚು ಎಳೆತ ಕೊಡುವ ಗೇರಿನಲ್ಲಿ, ನಡಿಗೆಯ ವೇಗದಲ್ಲಿ ಹತ್ತುವಾಗ ಗಾಳಿಯಾಡದೆ ಗೇರ್‌ಬಾಕ್ಸಿನ ಕಾವು ತಳಕ್ಕೇರುತ್ತದೆ. ಆಗಾಗ ಅಂಗೈ ಇಟ್ಟು ನೋಡಿ. ಕಿಟಕಿಯಿಂದ ಹೊರಗೆ ತಲೆ ಹಾಕಿದ ನಾಯಿ ಫೋಟೊಕ್ಕೆ ಚಂದ, ಆದರೆ ಬೆತ್ತದ ಮುಳ್ಳು ಕಣ್ಣಿಗೇ ಬಡಿಯುತ್ತದೆ. ಹೊರಡುವ ನಾಲ್ಕು ತಾಸು ಮೊದಲೇ ಊಟ ಮುಗಿದಿರಲಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಮನುಷ್ಯರೇ ವಾಂತಿ ಮಾಡಿಕೊಳ್ಳುತ್ತಾರೆ.

ಇನ್ನು ಉಣುಗು. ಡಿಸೆಂಬರಿನಿಂದ ಮೇ ತನಕ ಕಾಡಿನ ದರಕಿನಲ್ಲಿ (ಉದುರಿದ ಒಣ ಎಲೆಗಳಲ್ಲಿ) ಉಣುಗಿನ ಮರಿಗಳ ಕಾಟ ಹೆಚ್ಚು, ಉಣುಗಿನಿಂದ ಮನುಷ್ಯರಿಗೆ ಹರಡುವ ಮಂಗನ ಕಾಯಿಲೆಯ ಕಾಲವೂ ಅದೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ಸಿದ್ದಾಪುರದವರಿಗೆ ಹೊಸದಲ್ಲ. ದರಕಿನಲ್ಲಿ ಹೊರಳಾಡಿದ ನಾಯಿ ನಿಮ್ಮ ಹಾಸಿಗೆಯ ಪಕ್ಕ ಮಲಗಿದರೆ ಉಣುಗಿಗೆ ಬೇರೆ ದಾರಿ ಬೇಕಿಲ್ಲ. ಪಶುವೈದ್ಯರು ತೂಕ ನೋಡಿ ಬರೆದ ಮಾತ್ರೆ ಅಥವಾ ಬೆನ್ನಿಗೆ ಹಚ್ಚುವ ಔಷಧವನ್ನು ಕನಿಷ್ಠ ಎರಡು ದಿನ ಮೊದಲೇ ಕೊಡಿ. ಮಾತ್ರೆ ಕೆಲಸ ಮಾಡುವುದು ಉಣುಗು ಕಚ್ಚಿದ ಮೇಲೆಯೇ. ಆದ್ದರಿಂದ ಟೆಂಟಿಗೆ ಬಿಡುವ ಮುನ್ನ ಕಿವಿಯೊಳಗೆ, ಕಾಲ್ಬೆರಳ ಸಂದಿ, ಕಂಕುಳು, ಬಾಲದ ಬುಡ ತಡಕಿ ನೋಡಲೇಬೇಕು. ಸಿಕ್ಕಿದ್ದನ್ನು ಚಿಮಟಿಗೆಯಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೀಡಿಯ ಬೆಂಕಿ ಬೇಡ, ಉಗುರಿನಲ್ಲಿ ಹಿಚುಕಲೂಬೇಡಿ. ಎರಡು ಮೂರು ವಾರದೊಳಗೆ ನಾಯಿ ಜ್ವರ ಬಂದು ಊಟ ಬಿಟ್ಟರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿ.

ಹಳ್ಳದ ನಿಂತ ನೀರು ಕುಡಿಸಿದರೆ ಜಿಗಣೆ ಮೂಗಿನೊಳಗೆ ಸೇರಿಕೊಳ್ಳಬಹುದು. ಇಪ್ಪತ್ತು ಕಿಲೋ ತೂಕದ ನಾಯಿಗೆ ದಿನಕ್ಕೆ ಎರಡು ಲೀಟರ್‌ನಂತೆ ಮನೆಯಿಂದಲೇ ಒಯ್ಯಿರಿ. ಕರಾವಳಿಯ ಸೆಕೆಯಲ್ಲಿ ನಾಯಿ ಎಷ್ಟು ತೇಕಿದರೂ ನಾಲಿಗೆಯ ತೇವ ಬೇಗ ಆರುವುದಿಲ್ಲ, ಮೈ ತಣಿಯುವುದಿಲ್ಲ. ಹಾಗಾಗಿ ಚಪ್ಪಟೆ ಮೂಗಿನ ಪಗ್‌ಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ರಾತ್ರಿ ಟೆಂಟಿನ ಹೊರಗೆ ಕಟ್ಟಿದ ನಾಯಿ ಚಿರತೆಗೆ ಇಟ್ಟ ಊಟ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ನಾಯಿಯ ಮಾತೇ ಬೇಡ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ವೈರಸ್ ರೋಗ ಹುಲಿಗೂ ಸೀಳುನಾಯಿಗೂ ಹರಡುತ್ತದೆ. ಕಡಲಾಮೆ ಮೊಟ್ಟೆಯಿಡುವ ತಿಂಗಳುಗಳಲ್ಲಿ ಕಾರವಾರದ ಮರಳಿನ ಮೇಲೂ ಹಗ್ಗ ಬಿಚ್ಚಬೇಡಿ.

ಬುಕಿಂಗ್ ಮಾಡುವಾಗ ‘ನಾಯಿ ಇದೆಯೇ’ ಎಂದು ಹೋಂಸ್ಟೇಯವರು ಕೇಳುವುದುಂಟು, ಹೆಚ್ಚಿನ ಬಾಡಿಗೆಗೆ. ಅದೇ ಫೋನಿನಲ್ಲಿ ರೇಬೀಸ್, ಡಿಸ್ಟೆಂಪರ್, ಇಲಿಜ್ವರದ ಲಸಿಕೆ ಆಗಿದೆಯೇ, ಉಣುಗಿನ ಔಷಧ ಕೊಟ್ಟು ಎಷ್ಟು ದಿನವಾಯಿತು ಎಂದೂ ಕೇಳಲಿ.

– ಓದುಗರು, ಶಿರಸಿ