ಬಟ್ಟೆ ಹಾಕಿಕೊಳ್ಳುವ ಮುಂಚೆ ಓದು, ಪುಟ್ಟಿ

ಪ್ರೀತಿಯ ಪುಟ್ಟಿಗೆ,

ರಾತ್ರಿ ಬಸ್ಸಿಗೆ ಪಾರ್ಸಲ್ ಹಾಕಿಸಿದ್ದೇನೆ. ಒಳಗೆ ಎರಡು ಪ್ಯಾಂಟು, ಎರಡು ಕುರ್ತಾ, ಒಂದು ಜಾಕೆಟ್ಟು, ಅಮ್ಮನ ಚಕ್ಕುಲಿ ಡಬ್ಬಿ ಇವೆ. ಈ ಚೀಟಿಯನ್ನು ಕಪ್ಪು ಪ್ಯಾಂಟಿನ ಜೇಬಿನಲ್ಲಿ ಇಟ್ಟಿದ್ದೇನೆ. ಕೈಗೆ ಸಿಕ್ಕಿದೆ ಅಂದರೆ ಜೇಬು ಇದೆ ಅಂತ ಗೊತ್ತಾಯಿತಲ್ಲ!

ಕೊಳ್ಳಬೇಕು ಅಂತ ನೀನು ಮೊನ್ನೆ ಫೋನಿನಲ್ಲಿ ಕಳಿಸಿದ ಬಟ್ಟೆಯ ಪಟ್ಟಿ ನೋಡಿದೆ. ಹದಿನಾಲ್ಕು ಬಟ್ಟೆ, ಹದಿನೆಂಟು ಸಾವಿರ ರೂಪಾಯಿ. ಒಂದನ್ನೂ ಮುಟ್ಟಿ ನೋಡಿಲ್ಲ. ಮೊದಲ ಸಂಬಳ ಇನ್ನೂ ಬಂದಿಲ್ಲ, ಪಿಜಿಯಲ್ಲಿ ನಿನಗಿರುವುದು ಅರ್ಧ ಬೀರು. ಬಯ್ಯುತ್ತಿಲ್ಲ. ಹೊಸ ಕೆಲಸ ಅಂದರೆ ಆಸೆ ಇದ್ದೇ ಇರುತ್ತದೆ. ಆದರೆ ಟೈಲರ್ ಮಗಳು ನೀನು, ಅದಕ್ಕೇ ಸ್ವಲ್ಪ ಹೊಟ್ಟೆ ಉರೀತು, ಅಷ್ಟೇ.

ಆಫೀಸಿನವರ ಮೇಲ್‌ನಲ್ಲಿ ಉಡುಪು 'ಬಿಸಿನೆಸ್ ಕ್ಯಾಶುವಲ್' ಇರಬೇಕು ಅಂತ ಇದೆ ಎಂದು ನೀನು ಹೇಳಿದೆ. ಇಪ್ಪತ್ತೆಂಟು ವರ್ಷ ಮಿಷನ್ ತುಳಿದಿದ್ದೇನೆ, ನನ್ನ ಅಂಗಡಿಗೆ ಬಂದು ಆ ಮಾತು ಯಾರೂ ಹೇಳಿಲ್ಲ. ಅದರ ಅರ್ಥ ಒಂದೊಂದು ಆಫೀಸಿನಲ್ಲಿ ಒಂದೊಂದು ಥರ ಇರುತ್ತದಂತೆ. ಸೇರುವ ಮುಂಚೆ ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ಆ ಗೇಟಿನ ಎದುರು ಟೀ ಕುಡಿಯುತ್ತಾ ನಿಂತುಕೋ. ಒಳಗೆ ಹೋಗುವ ಹೆಣ್ಣುಮಕ್ಕಳು ಏನು ಹಾಕಿದ್ದಾರೆ, ಕಾಲಲ್ಲಿ ಏನಿದೆ ನೋಡು. ಯಾವ ವೆಬ್‌ಸೈಟೂ ಅಷ್ಟು ಸರಿಯಾಗಿ ಹೇಳುವುದಿಲ್ಲ. ಉಳಿದ ಬಟ್ಟೆಯನ್ನು ಒಂದು ತಿಂಗಳು ಕೆಲಸ ಮಾಡಿದ ಮೇಲೆ ತಗೋ.

ಮೊದಲ ತಿಂಗಳಿಗೆ ನನ್ನ ಲೆಕ್ಕ ಇದು: ಮೂರು ಪ್ಯಾಂಟು, ಐದು ಮೇಲಂಗಿ. ಪ್ಯಾಂಟು ಕಪ್ಪು, ನೇವಿ ಬ್ಲೂ, ಮತ್ತೆ ಮಣ್ಣಿನ ಬಣ್ಣದ್ದು ಒಂದು. ಮೇಲಿನ ಐದೂ ಈ ಮೂರಕ್ಕೂ ಹೊಂದಬೇಕು. ಆಗ ಹದಿನೈದು ಜೋಡಿ ಆಯಿತು. ಹೊಂದದೇ ಇರುವ ಒಂದು ಚೆಂದದ ಟಾಪ್ ತಂದರೆ ಅದಕ್ಕೊಂದು ಪ್ಯಾಂಟು, ಆ ಪ್ಯಾಂಟಿಗೊಂದು ಚಪ್ಪಲಿ ಬೇಕಾಗುತ್ತದೆ. ನಿನ್ನ ಪಟ್ಟಿಯಲ್ಲಿರುವ ಗಿಳಿಹಸಿರು ಶರ್ಟು ಅದೇ ಜಾತಿಯದ್ದು.

ಕಪ್ಪು ಮತ್ತು ನೇವಿ ಎರಡೂ ಪಾರ್ಸಲ್‌ನಲ್ಲಿವೆ. ಐವತ್ತೆಂಟು ಇಂಚು ಪನ್ನದ, ಅಂದರೆ ಅಗಲದ ಬಟ್ಟೆ, ಒಂದೊಂದಕ್ಕೆ ಒಂದೂಕಾಲು ಮೀಟರ್ ಹಿಡಿಯಿತು. ಜೇಬು ಏಳು ಇಂಚು ಆಳ. ರೆಡಿಮೇಡಿನವರು ಹೆಂಗಸರ ಪ್ಯಾಂಟಿಗೆ ಜೇಬಿನ ಬಾಯಿ ಮಾತ್ರ ಹೊಲಿದು ಬಿಡುತ್ತಾರೆ, ಒಳಗೆ ಚೀಲವೇ ಇರುವುದಿಲ್ಲ. ಅದನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಫೋನು, ಐಡಿ ಕಾರ್ಡು ಹಿಡಿದುಕೊಂಡು ಮೆಟ್ರೋ ಮೆಟ್ಟಿಲು ಹತ್ತುವುದು ಹೇಗೆ? ಸೊಂಟದ ಹಿಂದುಗಡೆ ಒಂದೂವರೆ ಇಂಚು ಮಾರ್ಜಿನ್ ಒಳಗೆ ಬಿಟ್ಟಿದ್ದೇನೆ. ಪಿಜಿ ಊಟಕ್ಕೆ ದಪ್ಪ ಆದರೂ ಸರಿ, ಸಣ್ಣ ಆದರೂ ಸರಿ, ಬಿಚ್ಚಿ ಹೊಲಿಯಬಹುದು.

ಮಣ್ಣಿನ ಬಣ್ಣದ್ದನ್ನು ಅಲ್ಲೇ ರೆಡಿಮೇಡ್ ತಗೊಳ್ಳುವುದಾದರೆ ತಗೋ. ಉದ್ದ ಜಾಸ್ತಿ ಇದ್ದರೆ ಮಡಚಿ ಹೊಲಿಸಬಹುದು, ಸೊಂಟ ಹಿಡಿಸಬಹುದು. ಆದರೆ ಶರ್ಟಿನ ಭುಜ ಕೆಳಗೆ ಜಾರಿದ್ದರೆ ಬಿಟ್ಟು ಬಾ. ಭುಜ ಸರಿಮಾಡಬೇಕೆಂದರೆ ತೋಳು, ಕಾಲರು ಎಲ್ಲ ಬಿಚ್ಚಬೇಕು. ಅದು ಹೊಸದಾಗಿ ಹೊಲಿದಷ್ಟೇ ಕೆಲಸ. ಟ್ರಯಲ್ ರೂಮಿನಲ್ಲಿ ಕನ್ನಡಿ ಮುಂದೆ ಸುಮ್ನೆ ನಿಲ್ಲಬೇಡ. ಕೂತು ನೋಡು, ಕೈ ಮೇಲೆತ್ತಿ ನೋಡು, ಬಗ್ಗಿ ನೋಡು. ನೀನು ದಿನಕ್ಕೆ ಎಂಟು ಗಂಟೆ ಕೂರುವವಳು. ನಿಂತಾಗ ಮಾತ್ರ ಚೆನ್ನಾಗಿ ಕಾಣುವ ಪ್ಯಾಂಟು ಅಂಗಡಿಯ ಗೊಂಬೆಗೆ ಸರಿ.

ಬಟ್ಟೆ ನೋಡುವುದು ಮರೆತಿದ್ದೀಯಾ? ನಿನ್ನ ತಾತ ಮಿಲ್ಲಿನಲ್ಲಿದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಯಾರ ಅಂಗಡಿಗೆ ಹೋದರೂ ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಹತ್ತು ಎಣಿಸಿ ಬಿಡುತ್ತಿದ್ದರು. ಸುಕ್ಕು ಹಾಗೇ ಉಳಿದರೆ ಇಡೀ ದಿನ ಕೂತೇಳುವ ಕೆಲಸಕ್ಕೆ ಅದು ಆಗಲ್ಲ. ಲಿನನ್ ಹಾಗೇ ಮಾಡುತ್ತದೆ. ನೋಡಲು ಚೆಂದ, ಆದರೆ ಆಫೀಸ್ ತಲುಪುವ ಹೊತ್ತಿಗೆ ಹಾಕಿಕೊಂಡೇ ಮಲಗಿ ಎದ್ದಂತಿರುತ್ತದೆ. 'ಪ್ಯೂರ್ ಕಾಟನ್' ಅಂತ ಬರೆದಿದ್ದರೆ ಮನೆಗೆ ಬಂದು ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಸುಟ್ಟು ನೋಡು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಪಿಜಿ ರೂಮಿನಲ್ಲಿ ಹುಷಾರು, ಬಾತ್‌ರೂಮಿನಲ್ಲಿ ಬಕೆಟ್ ಪಕ್ಕ ಮಾಡು.

ಇನ್ನೊಂದು ವಿಷಯ. ಇದನ್ನು ನಿನ್ನ ಅಮ್ಮನಿಗೂ ಸರಿಯಾಗಿ ಹೇಳಿಲ್ಲ. ನಾನು ಅಂಗಡಿ ಶುರುಮಾಡಿದ ಎರಡನೇ ವರ್ಷ ಒಬ್ಬ ಹುಡುಗಿ ಬಂದಳು. ಹೊಸದಾಗಿ ಟೀಚರ್ ಕೆಲಸ ಸಿಕ್ಕಿತ್ತು, ಮೂರು ಹತ್ತಿ ಚೂಡಿದಾರ್ ಹೊಲಿಯಲು ಕೊಟ್ಟಳು. ಅವಸರ ಅಂದಳು, ನಾನೂ ಬಟ್ಟೆ ನೆನೆಹಾಕದೆ ಕತ್ತರಿ ಹಾಕಿದೆ. ಹೊಲಿದು ಕೊಟ್ಟ ದಿನ ತುಂಬ ಚೆನ್ನಾಗಿ ಕಂಡಿತು. ಹದಿನೈದು ದಿನ ಬಿಟ್ಟು ವಾಪಸ್ ಬಂದಳು. ಒಂದೇ ಒಗೆತಕ್ಕೆ ಬಟ್ಟೆ ಕುಗ್ಗಿ ಪ್ಯಾಂಟು ಹಿಮ್ಮಡಿಯಿಂದ ಮೂರು ಬೆರಳು ಮೇಲೆ ಹೋಗಿತ್ತು, ಕಂಕುಳಲ್ಲಿ ಬಿಗಿದಿತ್ತು. ಬಯ್ಯಲಿಲ್ಲ ಅವಳು. 'ಬೋರ್ಡಿನ ಮೇಲೆ ಬರೆಯಲು ಕೈ ಎತ್ತೋಕೆ ಆಗ್ತಿಲ್ಲ ಅಣ್ಣಾ' ಅಂದಳು, ಅಷ್ಟೇ. ನನ್ನ ದುಡ್ಡಿನಲ್ಲೇ ಬಟ್ಟೆ ತಂದು ಮೂರನ್ನೂ ಹೊಸದಾಗಿ ಹೊಲಿದುಕೊಟ್ಟೆ. ಅವತ್ತಿನಿಂದ ನೆನೆಹಾಕದ ಹತ್ತಿ ಬಟ್ಟೆಗೆ ಕತ್ತರಿ ಇಟ್ಟಿಲ್ಲ. ನಿನ್ನ ಕುರ್ತಾ ಬಟ್ಟೆಯೂ ಒಂದು ರಾತ್ರಿ ನೀರಲ್ಲಿತ್ತು, ಹೆದರಬೇಡ.

ಕುರ್ತಾ ಹಾಕಿದ ದಿನ ದುಪಟ್ಟ ಬೇಡ. ಆಫೀಸಿನ ಕುರ್ಚಿಗೆ ಚಕ್ರ ಇರುತ್ತದೆ, ಅದರೊಳಗೆ ಸಿಕ್ಕಿಕೊಂಡರೆ ದುಪಟ್ಟವೂ ಹೋಯಿತು, ಮಾನವೂ ಹೋಯಿತು. ಬ್ಯಾಗಿನ ಪಟ್ಟಿ ಉಜ್ಜುವ ಕಡೆ ತೆಳು ಬಟ್ಟೆ ಬೇಗ ಸವೆಯುತ್ತದೆ, ಶಿಫಾನ್ ಟಾಪ್‌ಗಳನ್ನು ನೀನು ಕಳಿಸಿದ ಪಟ್ಟಿಯಿಂದ ತೆಗೆ. ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ದಪ್ಪ ಜೀನ್ಸ್ ಎರಡು ದಿನವಾದರೂ ಒಣಗಲ್ಲ ಅಂತ ನೀನೇ ಗೊಣಗಿದ್ದೆ. ಚಪ್ಪಲಿ ವಿಷಯ ನನಗೆ ಗೊತ್ತಿಲ್ಲ, ಅಮ್ಮನನ್ನು ಕೇಳು.

ಈಗ ಜಾಕೆಟ್ಟು. ಅದು ಗುಳೇದಗುಡ್ಡದ ಖಣ, ಅಮ್ಮನ ತವರಿನಿಂದ ಬಂದಿದ್ದು. ಪೆಟ್ಟಿಗೆಯಲ್ಲಿ ಹನ್ನೆರಡು ವರ್ಷ ಸುಮ್ನೆ ಬಿದ್ದಿತ್ತು. ರವಿಕೆಗೆ ಅಂತ ನೇಯುವ ಬಟ್ಟೆ, ಪನ್ನ ಕಡಿಮೆ. ಅದಕ್ಕೇ ಬೆನ್ನಿನ ನಡುವೆ ಜೋಡಣೆ ಹಾಕಿದೆ. ಹೂವು ಹೂವಿಗೆ ಕೂಡುವ ಹಾಗೆ ಕೂರಿಸಲು ಒಂದು ಇಡೀ ಮಧ್ಯಾಹ್ನ ಹೋಯಿತು. ತೋಳಿಲ್ಲ, ಒಳಗೆ ಹತ್ತಿ ಲೈನಿಂಗ್ ಇದೆ. ಏಸಿ ತಣ್ಣಗಿದ್ದಾಗ ಆ ಕಪ್ಪು ಪ್ಯಾಂಟು, ಬಿಳಿ ಶರ್ಟಿನ ಮೇಲೆ ಹಾಕಿಕೋ. ಅಲ್ಲಿ ಯಾರ ಹತ್ತಿರವೂ ಅಂಥದ್ದು ಇರಲಿಕ್ಕಿಲ್ಲ. ನೀರಿಗೆ ಹಾಕಬೇಡ, ಡ್ರೈಕ್ಲೀನ್ ಕೊಡು.

ಅಮ್ಮ ತನ್ನ ಇಳಕಲ್ ಸೀರೆಯನ್ನೂ ಕಳಿಸುತ್ತೇನೆ ಅಂದಳು. ನಾನೇ ಬೇಡ ಅಂದೆ. ಕೆಂಪು ಸೆರಗಿನ ರೇಷ್ಮೆ ಎಳೆಯನ್ನು ಒಡಲಿನ ಹತ್ತಿ ಎಳೆಗೆ ಕುಣಿಕೆ ಹಾಕಿ ಕೂಡಿಸಿದ ಸೀರೆ ಅದು, ಪಿಜಿಯ ವಾಷಿಂಗ್ ಮಷಿನ್ನಿಗೆ ಯಾರಾದರೂ ಹಾಕಿಬಿಟ್ಟರೆ? ದೀಪಾವಳಿಗೆ ಬಂದಾಗ ನೀನೇ ತಗೊಂಡು ಹೋಗು. ಬ್ಲೌಸಿನ ಅಳತೆ ಆಗ ತೆಗೆಯುತ್ತೇನೆ.

ಪ್ಯಾಂಟು ಹಾಕಿ ಕೂತು, ನಿಂತು ನೋಡಿ ಇವತ್ತು ರಾತ್ರಿಯೇ ಫೋನ್ ಮಾಡು. ಫೋಟೋ ಸಾಕಾಗಲ್ಲ, ವಿಡಿಯೋ ಕಾಲ್ ಮಾಡಿ ಹಿಂದೆ ತಿರುಗಿ ತೋರಿಸು. ಪ್ಯಾಂಟಿನ ಎಡಗಾಲಿನ ಬುಡದಲ್ಲಿ ಸ್ವಲ್ಪ ಸಡಿಲ ಇದೆ ಅಂತ ನನಗೆ ಅನುಮಾನ.

ಇಂತಿ,
ಅಪ್ಪ